ಪಾತ್ರೆಯೊಳಗಿನ ಸರ್ವರ್ ರೂಮು

ಗುರುವಾರ ಕಣಕ್ಕಾ, ಮಂಗಳವಾರ ಅಲ್ಲ! ತಲೆ ಆಡಿಸಬೇಡ. ನಾನು ಓಡಿಹೋದ ದಿನ ನನಗೆ ಗೊತ್ತಿರುತ್ತೋ ನಿನಗೆ ಗೊತ್ತಿರುತ್ತೋ? ಮೊದಲನೇ ಸಲ ಹೋದದ್ದು ಗುರುವಾರ, ಬೆಳಗ್ಗೆ ಎರಡನೇ ಪೀರಿಯಡ್ಡು. ನನಗೆ ಹದಿಮೂರು. ಮೇಷ್ಟ್ರು ಕರೆದು, "ಹೋಗೋ, ಆಫೀಸ್ ರೂಮಿಂದ ಸೀಮೆಸುಣ್ಣ ತಗೊಂಬಾ" ಅಂದ್ರು. ಹೋದೆ. ತಂದುಕೊಟ್ಟೆ ಕೂಡ... ಆರು ವರ್ಷ ಆದಮೇಲೆ! ನಗು, ನಗು. ಆದ್ರೆ ತಂದದ್ದು ತಂದದ್ದೇ ತಾನೆ? ಒಂದು ಪೂರ್ತಿ ಡಬ್ಬಿ! ಅಷ್ಟರಲ್ಲಿ ಆ ಮೇಷ್ಟ್ರಿಗೆ ವರ್ಗ ಆಗಿತ್ತು, ಕರಿಹಲಗೆ ಹೋಗಿ ಬಿಳಿಹಲಗೆ ಬಂದಿತ್ತು, ನನ್ನ ಬೆಂಚಲ್ಲಿ ಯಾವನೋ ಕೂತಿದ್ದ. "ಯಾರು ಬೇಕಿತ್ತು ಅಂಕಲ್?" ಅಂದ ಅಕ್ಕಾ ಅವನು. ಅಂಕಲ್ ಅಂತೆ! ಹತ್ತೊಂಬತ್ತಕ್ಕೆ!

ನಗೋದಾದ್ರೆ ಮೊದಲು ಆ ಗುಂಡುಸೂಜಿಗಳನ್ನ ಬಾಯಿಂದ ತೆಗಿ. ನಾಲ್ಕೋ ಐದೋ ಇದಾವೆ. ನುಂಗಿಬಿಟ್ರೆ ನಾನು ಯಾವ ಡಾಕ್ಟರನ್ನ ಹುಡುಕ್ಲಿ? ನನಗೆ ಟೈಮಿಲ್ಲ. ನಾಲ್ಕು ಗಂಟೆ ಬಸ್ಸು.

ಹೂಂ... ಅದಕ್ಕೇ ಚೀಲ ಇಳಿಸಿದ್ದು. ಬೀರು ಮೇಲಿನ ಧೂಳೆಲ್ಲ ನಿನ್ನ ಕೈಲಿರೋ ಬಿಳಿ ಗೌನಿನ ಮೇಲೆ ಬಿತ್ತಾ? ಕೊಡವಿಬಿಡು. ಹದಿನಾಲ್ಕು ತಿಂಗಳ ಧೂಳು ಅದು! ನನ್ನ ಚೀಲದ ಮೇಲೆ ಯಾವತ್ತಾದ್ರೂ ಧೂಳು ಕೂತಿದ್ದು ನೋಡಿದ್ದೀಯಾ? ಹನ್ನೊಂದು ಊರು ತಿರುಗಿದೀನಿ, ಎಲ್ಲೂ ಚೀಲಕ್ಕೆ ಧೂಳು ಹಿಡಿಯೋವಷ್ಟು ದಿನ ಇರಲಿಲ್ಲ.

ಸಿಕ್ಕಿಬಿದ್ದೆ ಅಕ್ಕಾ. ಆಫೀಸಲ್ಲಿ. ಕಳ್ಳತನ. ಐದು ಗಂಟೆಗೆ ಇಲ್ಲಿಗೇ ಬರ್ತಾರಂತೆ, ನಾಲ್ಕು ಜನ, ಮನೆ ಶೋಧಿಸೋಕೆ. ಅಷ್ಟರಲ್ಲಿ ನಾನು ಊರು ದಾಟಿರಬೇಕು. ಏನು ಕದ್ದೆ ಅಂತಾನಾ? ಹಿಂದೆ ತಿರುಗು. ಒಲೆ ಪಕ್ಕ, ಸೌಟಿನ ಮೊಳೆಗೆ... ಅದೇ, ವೈರಿರೋ ಸ್ಟೀಲ್ ಕಡ್ಡಿ. ಮೊಟ್ಟೆ ಕಡ್ಡಿ ಅಂತ ನಿನಗೆ ಹೇಳಿದ್ದೆನಲ್ಲಾ? ಅದು ಮೊಟ್ಟೆ ಕಡ್ಡಿ ಅಲ್ಲ. ಮೊಟ್ಟೆ ಕಡ್ಡಿ ಅಂತ ಪ್ರಪಂಚದಲ್ಲಿ ಒಂದು ವಸ್ತುನೇ ಇಲ್ಲ. ನೀನು ನಂಬಿದೆ, ನಿನ್ನ ದೊಡ್ಡಗುಣ.

ತಾಳು, ಬುಡದಿಂದ ಹೇಳ್ತೀನಿ. ಬಟ್ಟೆ ಹೊಲಿಸೋಕೆ ಬಂದವರು, "ನಿಮ್ಮ ತಮ್ಮ ಏನು ಕೆಲಸದಲ್ಲಿದಾನೆ?" ಅಂದ್ರೆ ನೀನು ಏನು ಹೇಳ್ತೀಯ? "ಕಂಪ್ಯೂಟರಲ್ಲಿದಾನೆ." ನಾನೇನೋ ಅದರೊಳಗೆ ಮಂಡಿ ಮಡಚ್ಕೊಂಡು ಕೂತಿದ್ದೀನಿ ಅನ್ನೋ ಹಾಗೆ! ಎಂಟನೇ ಕ್ಲಾಸೂ ಮುಗಿಸದವನ ಕತ್ತಿಗೆ "ಸಿಸ್ಟಮ್ಸ್ ಎಂಜಿನಿಯರ್" ಅಂತ ಒಂದು ಬಿಲ್ಲೆ. ನಾನು ಕಲಿತದ್ದು ಹೇಗೆ ಗೊತ್ತಾ? ಏಣಿ ಹಿಡ್ಕೊಳ್ಳೋ ಕೆಲಸಕ್ಕೆ ಸೇರಿದೆ. ಏಣಿ ಹತ್ತಿ ವೈರು ಎಳೀತಿದ್ದವನು ಒಂದು ದಿನ ಬರಲಿಲ್ಲ. ನಾನು ಹತ್ತಿದೆ. ನನ್ನ ವಿದ್ಯಾಭ್ಯಾಸ ಪೂರ್ತಿ ಅಷ್ಟೇ.

ನಮ್ಮದು ದಿಂಬಿನ ಕಂಪನಿ ಅಂತ ಗೊತ್ತಲ್ಲ. ಜನ ಮನೇಲೇ ಕೂತು ಫೋನಲ್ಲಿ ದಿಂಬು ಆರಿಸ್ತಾರೆ, ನಾವು ಕಳಿಸ್ತೀವಿ. ಒಂದು ದಿಂಬು ಮಾರೋಕೆ ಎಷ್ಟು ಕಂಪ್ಯೂಟರ್ ಬೇಕು ಅಂದ್ಕೊಂಡಿದ್ದೀಯ? ಒಂದು ರೂಮಿನ ತುಂಬ! ಕಿಟಕಿ ಇಲ್ಲ, ಬೀರುಗಳ ಹಾಗೆ ಕಬ್ಬಿಣದ ಚೌಕಟ್ಟು, ತುಂಬ ಯಂತ್ರಗಳು, ಹಗಲೂ ರಾತ್ರಿ ಗುಂಯ್ ಅಂತಿರ್ತವೆ. ಅದೇ ಸರ್ವರ್ ರೂಮು. ಬಿಸಿ ಜಾಸ್ತಿ ಆದ್ರೆ ಮುಷ್ಕರ ಹೂಡಿಬಿಡ್ತವೆ. ಅದಕ್ಕೇ ಒಳಗೊಂದು ಕಡ್ಡಿ ಇಡೋದು. ರೂಮೆಷ್ಟು ಬಿಸಿ ಇದೆ ಅಂತ ಅದು ನಿಮಿಷಕ್ಕೊಂದು ಸಲ ವರದಿ ಒಪ್ಪಿಸ್ತಿರುತ್ತೆ. ಆ ವರದಿ ಆಫೀಸ್ ಗೋಡೆ ಮೇಲಿರೋ ಟೀವೀಲಿ ಗೆರೆಯಾಗಿ ಓಡ್ತಿರುತ್ತೆ. ಬಿಸಿ ಏರಿದ್ರೆ ಗೆರೆ ಏರುತ್ತೆ, ಇಳಿದ್ರೆ ಇಳಿಯುತ್ತೆ. ಅರ್ಥ ಆಯ್ತಾ? ಆಗಿರುತ್ತೆ, ಇಂಚುಟೇಪು ಕತ್ತಿಗೆ ಹಾಕ್ಕೊಂಡೇ ಓಡಾಡೋಳು ನೀನು.

ಎಂಟು ತಿಂಗಳ ಹಿಂದೆ ಹಳೇ ಕಡ್ಡಿ ಕೆಟ್ಟುಹೋಯ್ತು. ಹೊಸದು ಬಂತು. ಹಾಕೋ ಮುಂಚೆ ಪರೀಕ್ಷೆ ಮಾಡಬೇಕು ಅನ್ನೋದು ನಿಯಮ. ಕುದಿಯೋ ನೀರಲ್ಲಿಟ್ರೆ ನೂರು, ಐಸಲ್ಲಿಟ್ರೆ ಸೊನ್ನೆ ತೋರಿಸಬೇಕು. ಆಫೀಸಲ್ಲಿ ಒಲೆ ಎಲ್ಲಿದೆ? ಮನೆಗೆ ತಂದೆ. ನಿನ್ನ ಎರಡು ಹಿಡಿ ಇರೋ ಪಾತ್ರೇಲಿ ಇಟ್ಟೆ, ಇಂಟರ್‌ನೆಟ್ಟಿಗೆ ಸಿಕ್ಕಿಸಿದೆ, ಇಲ್ಲಿ ನೀರು ಕುದೀತು, ಅಲ್ಲಿ ಗೆರೆ ಏರಿತು. ಶಹಬ್ಬಾಸ್! ಸೋಮವಾರ ವಾಪಸ್ ತಗೊಂಡು ಹೋಗಿದ್ರೆ ಕಥೆ ಮುಗೀತಿತ್ತು. ಆದ್ರೆ ನೀರು ಹೇಗೂ ಕಾದಿದೆ ಅಂತ ಒಂದು ಮೊಟ್ಟೆ ಹಾಕಿದೆನಲ್ಲಾ...

ಆ ಮೊಟ್ಟೆ ನೆನಪಿದೆಯಾ ನಿನಗೆ? ಫೋನಲ್ಲಿ ಅಂಕಿ ನೋಡ್ಕೊಂಡು, ಅರವತ್ತನಾಲ್ಕು ಡಿಗ್ರಿ, ಮುಕ್ಕಾಲು ಗಂಟೆ. ನೀನು ತಿಂದು ಚಮಚ ನೆಕ್ಕಿದೆ. ಆಮೇಲೆ, "ಇನ್ನೊಂದಿದೆಯೇನೋ?" ಅಂದೆ. ಅಷ್ಟೂ ಊರಲ್ಲಿ ನಾನು ಅಡುಗೆ ಮಾಡ್ಕೊಂಡು ತಿಂದವನು, ಎಲ್ಲ ಕಣ್ಣಂದಾಜು, ಕೈಯಂದಾಜು. ಮೊಟ್ಟೆ ತನಗೆ ತೋಚಿದ ಹಾಗೆ ಬೇಯೋದು, ನಾನು ಸಿಕ್ಕಿದ ಹಾಗೆ ತಿನ್ನೋದು. ಜೀವನದಲ್ಲಿ ಮೊದಲ ಸಲ ಒಂದು ವಸ್ತು ನಾನು ಹೇಳಿದ ಮಾತು ಕೇಳಿತು ಅಕ್ಕಾ! ಹೇಗೆ ವಾಪಸ್ ಕೊಡ್ಲಿ? ನಾಳೆ ಕೊಡೋಣ ಅಂದ್ಕೊಂಡೆ. ಮಾರನೇ ದಿನ ನೀನು ಹಾಲು ಕಾಯಿಸೋಕೂ ಅದನ್ನೇ ಅದ್ದಿದೆ. "ಉಕ್ಕೋ ಮುಂಚೆನೇ ಗೊತ್ತಾಗುತ್ತೆ ಕಣೋ" ಅಂದೆ. ನೀನೂ ಪಾಲುದಾರಳೇ, ನೆನಪಿರ್ಲಿ.

ಅದು ನಮ್ಮ ಕೆಲಸದೋರ ಕಾಯಿಲೆ ಅಕ್ಕಾ. ತಾತ್ಕಾಲಿಕ ಅಂತ ಒಂದು ಸಿಕ್ಕಿಸ್ತೀವಿ, ಅದು ನಡೀತಿರುತ್ತೆ. ನಡೀತಿರೋದನ್ನ ಮುಟ್ಟಬಾರದು ಅಂತ ನಾವೇ ನಿಯಮ ಮಾಡ್ಕೊಂಡಿದೀವಿ. ಹೀಗೆ ಇಡೀ ದಿಂಬಿನ ಕಂಪನಿ ನಮ್ಮ ಅಡುಗೆಮನೆ ಪಾತ್ರೆ ನೋಡ್ಕೊಂಡು ಬದುಕೋಕೆ ಶುರು ಮಾಡ್ತು.

ಡಿಗ್ರಿ ನೂರು ಅಂತ ಬಂದ್ರೆ ಯಾರಿಗೂ ಅನುಮಾನ ಬರ್ಲಿಲ್ವಾ? ಅದೇ ತಮಾಷೆ. ಟೀವೀಲಿ ಅಂಕಿನೇ ಇಲ್ಲ! ನಮ್ಮ ಮ್ಯಾನೇಜರಿಗೆ ಅಂಕಿ ಆಗಲ್ಲ. "ಬಂದವರು ಹೆದರ್ತಾರೆ, ಬರೀ ಗೆರೆ ಇರ್ಲಿ" ಅಂತ ತೆಗೆಸಿದ್ರು. ಅದಕ್ಕೇ ಅವರನ್ನ ನಾವು ಗೆರೆ ಸಾಹೇಬ ಅನ್ನೋದು. ಅಪಾಯದ ಗಂಟೆ? ಪರೀಕ್ಷೆ ದಿನ ಕಿರುಚಬಾರದು ಅಂತ ನಾನೇ ಆರಿಸಿದ್ದೆ. ಮತ್ತೆ ಹಾಕೋಣ ಅಂದ್ಕೊಂಡೆ. ನಾಳೆ.

ಗೆರೆ ಸಾಹೇಬರನ್ನ ನೀನು ನೋಡಬೇಕಿತ್ತು. ಕೈಲೊಂದು ಉದ್ದನೆ ಕೋಲು, ಗೆರೆ ಮುಂದೆ ನಿಂತು ಭಾಷಣ. "ಏಳೂವರೆಗೆ ಈ ಸಣ್ಣ ಗುಡ್ಡ ನೋಡಿ. ಕತ್ತು ಉಳುಕಿಸ್ಕೊಂಡು ಎದ್ದ ಜನ ದಿಂಬು ಹುಡುಕ್ತಿದಾರೆ, ಯಂತ್ರಕ್ಕೆ ಕೆಲಸ, ಅದಕ್ಕೆ ಬಿಸಿ." ಅದು ನಿನ್ನ ಹಾಲು ಅಕ್ಕಾ! "ಒಂದು ಗಂಟೆಯ ಗುಡ್ಡ. ಊಟ ಆಯ್ತು, ತೂಕಡಿಕೆ ಬಂತು, ದಿಂಬು ನೆನಪಾಯ್ತು." ಅದು ನೀನು ಅನ್ನ ಬಿಸಿ ಮಾಡೋದು! ಇನ್ನು ಭಾನುವಾರ... ನಾನು ಹನ್ನೊಂದಕ್ಕೆ ಸೂಪಿಗಿಟ್ರೆ ಮೂರಕ್ಕೆ ತಾನೆ ಇಳಿಸೋದು? ನಾಲ್ಕು ಗಂಟೆ ಒಂದೇ ಸಮ ಪ್ರಸ್ಥಭೂಮಿ! ಗೆರೆ ಸಾಹೇಬರ ಕಣ್ಣಲ್ಲಿ ನೀರು. "ಭಾನುವಾರ ಜನ ನಿಜವಾಗಿ ಮಲಗ್ತಾರೆ. ನಿಜವಾಗಿ ಮಲಗಿದಾಗಲೇ ದಿಂಬು ಸರಿಯಿಲ್ಲ ಅಂತ ಗೊತ್ತಾಗೋದು." ಎಂಥಾ ತತ್ವ! ನನಗೇ ಒಂದು ಗಳಿಗೆ ನಿಜ ಅನ್ನಿಸಿಬಿಡ್ತು.

ಆರ್ಡರ್ ಪಟ್ಟಿ ನೋಡಿದ್ರೆ ಗೊತ್ತಾಗಲ್ವಾ ಅಂತ ಹುಬ್ಬು ಏರಿಸ್ತೀಯ. ಅದು ಮೂರನೇ ಮಹಡಿ ಅಕ್ಕಾ. ನಾವು ನಾಲ್ಕನೇದು.

ಭಾನುವಾರಕ್ಕೆ ಅಂತಲೇ ಮೂರು ದೊಡ್ಡ ಎಸಿ ತರಿಸಿದ್ರು. ಭಾನುವಾರಕ್ಕೆ ಅಂತಲೇ ಇಬ್ಬರನ್ನ ಹೊಸದಾಗಿ ಸೇರಿಸ್ಕೊಂಡ್ರು, ಒಬ್ಬ ಹುಡುಗ, ಒಬ್ಬಳು ಹುಡುಗಿ, ರೂಮಿನೊಳಗೇ ಕೂತು ಕಾಯಬೇಕು ಅಂತ ಆರ್ಡರು. ಕಾಯೋಕೆ ಏನಿದೆ? ಮೂರು ಎಸಿ ಮುಂದೆ ಇಬ್ಬರೂ ನಡುಗ್ತಾ ಕೂತಿರ್ತಾರೆ. ಹೊರಗೆ ಗೆರೆ ಬೆಂಕಿ, ಒಳಗೆ ಹಿಮ! ಅವರಿಗೆ ಅನುಮಾನ ಬರ್ಲಿಲ್ವಾ ಅಂದ್ರೆ... ಬರ್ಲಿಲ್ಲ. ಎಸಿ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ಅಂದ್ಕೊಂಡ್ರು! ಮೊದಲನೇ ತಿಂಗಳು ಒಂದು ಶಾಲು ತಂದ್ರು, ಎರಡನೇ ತಿಂಗಳು ಇಬ್ಬರಿಗೂ ಅದೊಂದೇ ಶಾಲು ಸಾಕಾಯ್ತು. ಮುಂದಿನ ತಿಂಗಳು ಮದುವೆ. ಈಗ ನಿನ್ನ ಮಡಿಲಲ್ಲಿದೆಯಲ್ಲ ಗೌನು, ಯಾರದ್ದು ಅಂದ್ಕೊಂಡಿದ್ದೀಯ? ಅವಳದೇ! ನಮ್ಮ ಸೂಪು ಮಾಡಿಸಿದ ಮದುವೆ ಅದು. ಬಾಯಿಂದ ಸೂಜಿ ತೆಗ್ದಿದ್ದು ಒಳ್ಳೇದಾಯ್ತು, ಈಗ ಧಾರಾಳವಾಗಿ ನಗು.

ನಗಲ್ವಾ? ಸರಿ.

ನನಗೆ ಬೇಜಾರಾಗೋದು ಏನು ಗೊತ್ತಾ? ಅಡುಗೆಮನೇಲಿ ಅನುಮಾನ ಬಂದ್ರೆ ನಾವೇನು ಮಾಡ್ತೀವಿ? ಮುಚ್ಚಳ ತೆಗೀತೀವಿ. ಒಂದು ಚಮಚ ಬಾಯಿಗೆ ಹಾಕ್ಕೊಂಡು, ಉಪ್ಪು ಸಾಲದು ಅಂತೀವಿ. ಅಷ್ಟೇ ಮುಗೀತು. ಅಲ್ಲಿ ಆ ಇಬ್ಬರನ್ನ ಬಿಟ್ಟು ಮೂವತ್ತಾರು ಜನ ಇದ್ದಾರೆ, ಎಲ್ಲ ನನಗಿಂತ ಓದಿದೋರು. ಎಂಟು ತಿಂಗಳಲ್ಲಿ ಒಬ್ಬನೇ ಒಬ್ಬ ಎದ್ದು ಹೋಗಿ, ಬಾಗಿಲು ತೆಗೆದು, ಒಳಗೆ ಕೈ ಚಾಚಿ, "ಏನ್ರೀ ಇದು, ತಣ್ಣಗಿದೆಯಲ್ಲಾ" ಅನ್ನಲಿಲ್ಲ! ಗೆರೆಯಿಂದ ರೂಮಿಗೆ ಹನ್ನೆರಡು ಹೆಜ್ಜೆ. ನಾನೇ ಎಣಿಸಿದೀನಿ.

ಆಮೇಲಾಮೇಲೆ ತಮಾಷೆ ಹೋಗ್ಬಿಡ್ತು. ನಿನಗೆ ಜ್ವರ ಬಂದು ನಾಲ್ಕು ದಿನ ಮಲಗಿದ್ದೆಯಲ್ಲ? ಒಲೆ ಹಚ್ಚೋದು ಕಮ್ಮಿ ಆಯ್ತು, ಗೆರೆ ಮಕಾಡೆ ಮಲಗ್ತು. ಗೆರೆ ಸಾಹೇಬರು ಬಾಗಿಲು ಹಾಕ್ಕೊಂಡು ಮೀಟಿಂಗು. "ಜನ ನಮ್ಮನ್ನ ಮರೀತಿದಾರೆ. ಆರು ಮಂದಿನ ಕೆಲಸದಿಂದ ತೆಗೀಬೇಕಾಗುತ್ತೆ." ಪಟ್ಟಿ ಕೂಡ ಬರೆದಾಗಿತ್ತು! ಭಾನುವಾರದ ಇಬ್ಬರ ಹೆಸರು ಮೊದಲು. ನಾನು ಏನು ಮಾಡ್ಲಿ? ಮಧ್ಯಾಹ್ನ ಊಟದ ಬಿಡುವಲ್ಲಿ ಓಡಿಬಂದು, ಖಾಲಿ ನೀರು ಕುದಿಸಿ, ಮತ್ತೆ ಓಡ್ತಿದ್ದೆ. ನೀನು ಮಂಚದಿಂದಲೇ, "ನನಗೆ ಆವಿ ಹಿಡಿಸೋಕಾ ಪುಟ್ಟಾ?" ಅಂದೆ. ನಾನು ಹೂಂ ಅಂದೆ. ನೀನು ಕಣ್ಣೊರೆಸ್ಕೊಂಡೆ. ಅಕ್ಕಾ... ಅದು ನಿನಗಲ್ಲ, ದಿಂಬಿಗೆ. ಈಗ ಹೇಳ್ಬಿಟ್ಟೆ, ಹಗುರಾಯ್ತು.

ಪರಿಶೀಲನೆಯವರು ಬಂದ ಮೂರು ದಿನವೂ ಅಷ್ಟೇ. ಗೆರೆ ಸಾಹೇಬರು, "ಅವರ ಮುಂದೆ ಎಲ್ಲ ತಣ್ಣಗಿರಬೇಕು" ಅಂದ್ರು. ನಾನು ಮನೆಗೆ ಬಂದು, "ಅಕ್ಕಾ, ಒಲೆಗೆ ವಿಶ್ರಾಂತಿ ಕೊಡಬೇಕಂತೆ, ಹೊಸ ಸಂಶೋಧನೆ" ಅಂದೆ. ಮೂರು ದಿನ ಹಸಿ ಕ್ಯಾರೆಟ್ಟು, ಒಣ ಬ್ರೆಡ್ಡು. ನೀನು ಒಂದು ಮಾತೂ ಕೇಳದೆ ಕಟಕಟ ಅಂತ ಅಗೀತಾ ಹೊಲಿಗೆ ಮಷೀನು ತುಳೀತಿದ್ದೆ. ಯಾಕೆ ಕೇಳ್ಲಿಲ್ಲ ನೀನು? ಯಾವ ಅಕ್ಕ ಅದನ್ನ ನಂಬ್ತಾಳೆ?

ಹೋದ ಭಾನುವಾರ ನಾನು ಕೂಗಾಡಿದೆನಲ್ಲಾ... ಅಲ್ಲಿಗೆ ಮುಗೀತು ನನಗೆ. "ಪ್ರತಿ ವಾರ ಸೂಪು ಬೇಡ ಕಣೋ, ಬಾಯಿ ಕೆಟ್ಟಿದೆ" ಅಂದೆ ನೀನು. ಎಷ್ಟು ಸಣ್ಣ ಮಾತು! ನಾನು ಸೌಟು ಬಿಸಾಕಿ, "ಮಾಡಲೇಬೇಕು, ತಿನ್ನದಿದ್ರೆ ಬಿಡು" ಅಂತ... ನಿನ್ನ ಮೇಲೆ ನಾನು ದನಿ ಏರಿಸಿದ್ದೀನಾ ಯಾವತ್ತಾದ್ರೂ? ಗೋಡೆ ಮೇಲಿನ ಒಂದು ಗೆರೆಗೋಸ್ಕರ! ರಾತ್ರಿ ನಿದ್ದೆ ಬರ್ಲಿಲ್ಲ. ಸೋಮವಾರ ಎದ್ದವನೇ ಕಡ್ಡಿ ಕಿತ್ಕೊಂಡು ಹೋಗಿ, ಎಲ್ಲಿರಬೇಕಿತ್ತೋ ಅಲ್ಲೇ, ಸರ್ವರ್ ರೂಮಲ್ಲೇ ಇಟ್ಬಿಟ್ಟೆ. ಗೆರೆ ಚಪ್ಪಟೆ ಆಯ್ತು. ಇಸ್ತ್ರಿ ಹಾಕಿದ ಹಾಗೆ! ಮೊದಲನೇ ಸಲ ಅದು ನಿಜ ಹೇಳ್ತಿದೆ, ಮೂವತ್ತೆಂಟು ಜನ ಓಡಿಬಂದು, "ಗೆರೆ ಸತ್ತುಹೋಯ್ತು! ಯಾರು ಮುಟ್ಟಿದ್ದು?" ಅಂತ ಬೊಬ್ಬೆ. ನಾನು ಕೈಯೆತ್ತಿದೆ. ಅಲ್ಲಿಗೆ ಸಿಕ್ಕಿಬಿದ್ದೆ. ಕಳ್ಳ ಅಂದ್ರು. ಐದು ಗಂಟೆಗೆ ಬರ್ತಾರೆ. ಅದಕ್ಕೇ ಹೊರಟೆ.

ಆ ಟವೆಲು ಈ ಕಡೆ ಎಸಿ. ಸಾಬೂನು ಡಬ್ಬಿ ನನ್ನದಾ ನಿನ್ನದಾ? ನೀಲಿ ನನ್ನದು.

ಅಲ್ಲಾ, ಬೇರೆ ಅಕ್ಕಂದಿರಾಗಿದ್ರೆ ಇಷ್ಟೊತ್ತಿಗೆ ಎದೆ ಎದೆ ಬಡ್ಕೊಳ್ಳೋರು. ಒಡಹುಟ್ಟಿದವನು, ನನ್ನನ್ನ ಹಿಡಿಯೋಕೆ ನಾಲ್ಕು ಜನ ಬರ್ತಾರೆ ಅಂತಿದಾನೆ, ನೀನು ದಾರ ಪೋಣಿಸ್ತಾ ಕೂತಿದ್ದೀಯ! ಯಾಕೆ ಗಾಬರಿ ಆಗಲ್ಲ? ಯಾಕೆ ಒಲೆ ಕಡೆನೇ ನೋಡ್ತಿದ್ದೀಯ? ಏನಿದೆ ಅಲ್ಲಿ? ಏನಿಲ್ಲ, ಸೌಟು, ಜಾಲರಿ, ಕಡ್...

ಹೂಂ.

ಕಡ್ಡಿ. ಸೋಮವಾರ ವಾಪಸ್ ಇಟ್ಟ ಕಡ್ಡಿ ಬುಧವಾರ ಇಲ್ಲಿ ನೇತಾಡ್ತಿದೆ. ಹೌದು. ಅದು ಸ್ವಲ್ಪ... ಅದು ಹೇಗಾಯ್ತು ಅಂದ್ರೆ... ಥೂ! ಹನ್ನೊಂದು ಊರಲ್ಲಿ ಸುಳ್ಳು ಹೇಳಿದೀನಿ, ಎಲ್ಲೂ ಇಷ್ಟು ಬೇಗ ಸಿಕ್ಕಿಬಿದ್ದಿಲ್ಲ. ಎಲ್ಲಾ ಕಡೆ ಜನ ಏನಾದ್ರೂ ಕೇಳ್ತಿದ್ರು. ಕೇಳಿದ್ರೆ ಉತ್ತರ ಕೊಡಬಹುದು. ನೀನು ಸುಮ್ಮನೆ ನೋಡ್ತೀಯ.

ಸರಿ, ಯಾರೂ ಬರಲ್ಲ. ಐದು ಗಂಟೆನೂ ಇಲ್ಲ, ನಾಲ್ಕು ಜನನೂ ಇಲ್ಲ. ಗೆರೆ ಸಾಹೇಬರು ನನ್ನನ್ನ ತಮ್ಮ ರೂಮಿಗೆ ಕರ್ಕೊಂಡು ಹೋಗಿ ಬಾಗಿಲು ಹಾಕಿದ್ರು. ನಾನು ಎಲ್ಲಾ ಒಪ್ಕೊಂಡೆ.

"ಸಾರ್, ಆ ಗೆರೆ ಸರ್ವರ್ ರೂಮಿಂದಲ್ಲ. ನಮ್ಮನೆ ಪಾತ್ರೆಯದು."

"ಯಾವ ಪಾತ್ರೆ?"

"ಎರಡು ಹಿಡಿ ಇರೋದು ಸಾರ್. ತಳ ಸ್ವಲ್ಪ ಸೀದಿದೆ."

ಕೋಲನ್ನ ಮೇಜಿನ ಮೇಲಿಟ್ರು.

"ಭಾನುವಾರದ್ದು?"

"ಸೂಪು ಸಾರ್."

"ಎಷ್ಟು ಹೊತ್ತು?"

"ನಾಲ್ಕು ಗಂಟೆ ಸಾರ್."

ಕನ್ನಡಕ ತೆಗೆದ್ರು. ಒರೆಸಿದ್ರು. ಹಾಕ್ಕೊಂಡ್ರು.

"ಐದು ಮಾಡೋಕಾಗುತ್ತಾ?"

ಆಣೆಗೂ ಅಕ್ಕಾ! ಅಷ್ಟೇ ಕೇಳಿದ್ದು ಆ ಮನುಷ್ಯ! ಬೈಗುಳಕ್ಕೆ ಕಿವಿ ಮುಚ್ಕೊಂಡು ನಿಂತಿದ್ದೆ ನಾನು. ಮೇಲಿನವರು ಮುಂದಿನ ವರ್ಷಕ್ಕೆ ಗೆರೆ ಇನ್ನೂ ಎತ್ತರ ಆಗಬೇಕು ಅಂದಿದ್ದಾರಂತೆ, ಭಾನುವಾರದ ಜೊತೆಗೆ ಶನಿವಾರವೂ ಸೇರಿದ್ರೆ ಒಳ್ಳೇದಂತೆ. "ಏನು ಬೇಯಿಸ್ತೀರಿ ಅನ್ನೋದು ನಿಮ್ಮಿಷ್ಟ. ಕಾಳು ಪರವಾಗಿಲ್ಲ, ತುಂಬ ಹೊತ್ತು ಬೇಯುತ್ತೆ" ಅಂದ್ರು. ಕಡ್ಡಿನ ತಾವೇ ಸರ್ವರ್ ರೂಮಿಂದ ತಂದು, ಹಳೇ ಪತ್ರಿಕೇಲಿ ಸುತ್ತಿ ನನ್ನ ಕೈಗಿಟ್ರು. ಹೊಸ ಕೆಲಸ, ಹೊಸ ಬಿಲ್ಲೆ. ಹಿರಿಯ ಉಷ್ಣ ನಿರ್ವಾಹಕ! ಆಫೀಸಿಗೆ ಬರೋದೇ ಬೇಡ, ಮನೇಲಿದ್ದು ಹೊತ್ತು ಹೊತ್ತಿಗೆ ಬೇಯಿಸ್ತಿದ್ರೆ ಸಾಕು. ಮತ್ತೆ... ಖಾಯಂ.

ಖಾಯಂ ಅಂದ್ರು ಅಕ್ಕಾ. ಅರವತ್ತು ವರ್ಷದವರೆಗೆ. ಒಂದು ಫಾರಂ ಕೊಟ್ರು, ತುಂಬಿ ಬುಧವಾರದೊಳಗೆ ಕೊಡಿ ಅಂದ್ರು.

ಹಾಗಾದ್ರೆ ಹೋಗೋದು ಯಾಕೆ ಅಂತ ಕೇಳು! ಕೇಳಲ್ವಾ? ನಾನೇ ಹೇಳ್ತೀನಿ. ಹೆದರಿದ್ದಲ್ಲ. ನನಗೇನು ಹೆದರಿಕೆ? ಸುಳ್ಳಿನ ಕೆಲಸ ಅದು, ಮನುಷ್ಯನಿಗೆ ಮರ್ಯಾದೆ ಬೇಡವಾ... ಎಂಟು ತಿಂಗಳು ಎಲ್ಲಿತ್ತು ಮರ್ಯಾದೆ ಅಂತೀಯಾ? ಅನ್ನು. ಬಾಯಿ ಬಿಟ್ಟು ಅನ್ನು. ಎರಡನೇ ಸಲ ಹೋದಾಗ ನೀನು ತಿರುವಿನ ತನಕ ಒಂದೇ ಚಪ್ಪಲೀಲಿ ಓಡಿಬಂದಿದ್ದೆ. ಇನ್ನೊಂದು ಸಲ ನನ್ನ ಚೀಲ ಬಚ್ಚಿಟ್ಟಿದ್ದೆ. ಆಮೇಲೊಂದು ಸಲ, "ಹೋಗು, ಸತ್ತೋಗು, ಮುಖ ತೋರಿಸಬೇಡ" ಅಂತ ಇಡೀ ಬೀದಿಗೆ ಕೇಳೋ ಹಾಗೆ ಬೈದಿದ್ದೆ. ಎಷ್ಟು ಚೆನ್ನಾಗಿ ಬೈದಿದ್ದೆ! ಎರಡು ವರ್ಷ ಅದನ್ನೇ ನೆನೆಸ್ಕೊಂಡು ದುಡಿದೆ ನಾನು. ಇವತ್ತು ನೋಡಿದ್ರೆ ಅಂಚು ಹೊಲೀತಾ ಕೂತಿದ್ದೀಯ.

ಒಂದು ಕೆಲಸ ಮಾಡ್ತೀಯಾ? ನಾನು ಹೋದ್ಮೇಲೂ ಭಾನುವಾರ ಹನ್ನೊಂದಕ್ಕೆ ಪಾತ್ರೆ ಇಟ್ಟು ಕಡ್ಡಿ ಹಾಕಿಬಿಡು. ಸೂಪೇ ಆಗ್ಬೇಕು ಅಂತಿಲ್ಲ, ಬರೀ ನೀರು ಸಾಕು. ಗೆರೆ ಬಿದ್ರೆ ಆ ಮದುವೆ ಹುಡುಗೀನೇ ಮೊದಲು ಮನೆಗೆ ಹೋಗೋದು... ಯಾಕೆ ಪಾತ್ರೆ ಹಾಗೆ ನೋಡ್ತೀಯ? ದೊಡ್ಡದಾಯ್ತಾ? ಒಬ್ಬಳಿಗೆ ಅಷ್ಟು ದೊಡ್ಡ ಪಾತ್ರೆ... ಬೇಡ, ಬಿಡು. 

ಫಾರಂ ಎಲ್ಲಿ ಅಂತಾನಾ? ಕಳೆದುಹೋಯ್ತು. ಬಸ್ಸಲ್ಲಿ. ಜೇಬಿಂದ ಬಿತ್ತೋ ಏನೋ... ಎಲ್ಲಿಗೆ ಎದ್ದೆ? ಮಷೀನಿನ ಖಾನೇಲಿ ಏನು ಹುಡುಕ್ತಿದ್ದೀಯ? ಏನದು?

ಅಕ್ಕಾ...

ನಾನು ಹರಿದು ಚಿಂದಿ ಬುಟ್ಟಿಗೆ ಹಾಕಿದ್ದೆ ಇದನ್ನ. ನಾಲ್ಕು ಚೂರು ಮಾಡಿ, ಬಟ್ಟೆ ತುಂಡುಗಳ ಅಡಿಗೆ. ಇದನ್ನ... ಹೊಲಿದಿದ್ದೀಯಾ? ಕಾಗದನ? ಮಷೀನಲ್ಲಿ?! ನೀಲಿ ದಾರ, ಎರಡೆರಡು ಸಲ ಓಡಿಸಿ, ಕೊನೆಗೆ ಗಂಟು ಬೇರೆ! ಯಾವತ್ತು? ಮೊನ್ನೆನಾ? ಹಾಗಾದ್ರೆ ನಾನು ಬಾಯಿ ಬಿಡೋ ಮುಂಚೆನೇ ನಿನಗೆ ಎಲ್ಲಾ ಗೊತ್ತಿತ್ತು! ಒಂದು ಗಂಟೆಯಿಂದ ಕಳ್ಳ, ನಾಲ್ಕು ಜನ, ಐದು ಗಂಟೆ ಅಂತ ನಾನು ಕುಣೀತಿದ್ದೀನಿ, ನೀನು ನೋಡ್ತಾ ಕೂತಿದ್ದೀಯ!

ಬರೆದೂ ಇದ್ದೀಯಲ್ಲಾ... ನಾನು ಒಂದೇ ಒಂದು ಕಡೆ ಖಾಲಿ ಬಿಟ್ಟಿದ್ದೆ. ಎಲ್ಲಾ ತುಂಬಿದ್ದೆ ಅಕ್ಕಾ, ಹೆಸರು, ವಯಸ್ಸು, ರಕ್ತದ ಗುಂಪು ಕೂಡ. ಖಾಯಂ ವಿಳಾಸ ಅನ್ನೋ ಕಡೆ ಪೆನ್ನು ನಿಂತುಹೋಯ್ತು. ಯಾವ ಊರಲ್ಲೂ ಅದನ್ನ ತುಂಬಿಲ್ಲ ನಾನು. ನಿನ್ನ ಮನೆ ನಂಬರ್ ಹಾಕೋಣ ಅಂತ ಒಂದು ಸಲ ಅನ್ನಿಸ್ತು. ಆಮೇಲೆ, ನಿನ್ನನ್ನ ಕೇಳದೆ ಹೇಗೆ... ಕೇಳೋಕೆ ಬಾಯಿ ಬರ್ಲಿಲ್ಲ. ಬೇಡ ಅಂದ್ಬಿಟ್ರೆ? ಅದಕ್ಕೇ ಹರಿದೆ. ಕೇಳೋದಕ್ಕಿಂತ ಹೋಗೋದು ಸುಲಭ ನನಗೆ. ಅಭ್ಯಾಸ ಇದೆ.

"ಎರಡನೇ ಮಹಡಿ, ಟೈಲರಮ್ಮನ ಮನೆ." ಅಕ್ಷರ ನೋಡು, ಬಟ್ಟೆ ಮೇಲೆ ಗುರುತು ಹಾಕಿದ ಹಾಗೆ ಒಂದೊಂದೂ ಇಷ್ಟು ದಪ್ಪ. ಇದೇನು ಕೆಳಗೆ... "ಈ ವಿಳಾಸದಲ್ಲಿ ಎಷ್ಟು ಕಾಲದಿಂದ ವಾಸ?" ಅದಕ್ಕೆ ನೀನು...

"ಹುಟ್ಟಿದಾಗಿನಿಂದ."

ಸುಳ್ಳು ಕಣಕ್ಕಾ ಇದು! ಈ ಮನೆಗೆ ನೀನೇ ಬಂದು ಒಂಬತ್ತು ವರ್ಷ ಆಗಿದೆ! ಕಂಪನಿ ಫಾರಮ್ಮಲ್ಲಿ ಸುಳ್ಳು ಬರೆದ್ರೆ ಏನಾಗುತ್ತೆ ಗೊತ್ತಾ... ನಗಬೇಡ. ಈಗ ನಗ್ತೀಯಲ್ಲ, ಅಷ್ಟೊತ್ತು ನಗಿಸಿದಾಗ ನಗಲಿಲ್ಲ.

ಒಂದು ಮಾತು ಹೇಳು. ಇರು ಅಂತ ಹೇಳು. ಬೇಡ, ಹೋಗು ಅಂತಾದ್ರೂ ಹೇಳು... ಹೇಳಲ್ವಾ? ಸೂಜಿನೂ ಇಲ್ಲ ಬಾಯಲ್ಲಿ, ಆದ್ರೂ ಹೇಳಲ್ಲ.

ಹೂಂ. ಹೋಗಿ ಬರ್ತೀನಿ. ಬಸ್ಸಿಗೆ ಇನ್ನು ಅರ್ಧ ಗಂಟೆ ಇದೆ, ನಡೆದ್ರೆ ಸಿಗುತ್ತೆ. ಫಾರಂ ದಾರೀಲಿ ಕೊಡ್ತೀನೋ ಇಲ್ವೋ ಗೊತ್ತಿಲ್ಲ, ಕೇಳಬೇಡ... ಕೇಳ್ತಿಲ್ಲ, ಗೊತ್ತು. ಮಡಚಬೇಡ ಅದನ್ನ, ಹೊಲಿಗೆ ಬಿಟ್ಟುಹೋಗುತ್ತೆ. ಚೀಲದೊಳಗೆ ಬಟ್ಟೆ ಮೇಲೆ ಅಗಲವಾಗಿ ಇಡು. ಈ ಪಟ್ಟಿ ಸ್ವಲ್ಪ ಹಿಡ್ಕೋ, ಜಿಪ್ಪು ಎಳೀತೀನಿ... ಬರಲ್ಲ, ತುಂಬಿಹೋಗಿದೆ. ಆ ಕಂದು ಸ್ವೆಟರ್ ಹೊರಗೆ ತೆಗಿ. ಇಲ್ಲ, ಕೈಗೆ ಕೊಡಬೇಡ. ಬೀರಲ್ಲಿಡು. ಒಳಗಡೆ, ನಿನ್ನ ಸೀರೆ ಪಕ್ಕ.

ಅದು ಇಲ್ಲೇ ಇರ್ಲಿ.